ಬೀಗ ಬಿದ್ದ ಮನೆ ಹುಡುಕಿ: ಕಾರವಾರದಲ್ಲಿ ಬಾಡಿಗೆ ಜಿಗಿಯದ ಮನೆ ಹಿಡಿಯುವ ದಾರಿ

ಕಾಜುಬಾಗದಲ್ಲಿ ನಾನು ಮೊದಲು ಹಿಡಿದ ಮನೆಗೆ ಬಾಡಿಗೆ 9,000 ರೂಪಾಯಿ. ಹನ್ನೊಂದು ತಿಂಗಳು ಮುಗಿದ ಮರುದಿನ ಮಾಲೀಕರು ಮೆಟ್ಟಿಲ ಹತ್ತಿರ ನಿಲ್ಲಿಸಿ, "ಅಕ್ಕೋರೇ, ಇನ್ನು ಹನ್ನೊಂದೂವರೆ ಮಾಡ್ಬೇಕು" ಎಂದರು. ಮುಂದಿನ ಸಲ ಹದಿನಾಲ್ಕು. ಯಾಕೆ ಅಂತ ಕೇಳಿದೆ. ಮೇಲಿನ ಮನೆಯನ್ನು ಯಾವುದೋ ಕಂಪನಿ ತನ್ನ ಎಂಜಿನಿಯರುಗಳಿಗಾಗಿ ಹದಿನಾರಕ್ಕೆ ಹಿಡಿದಿದೆಯಂತೆ. ಕಂಪನಿ ಕೊಡುವ ಬಾಡಿಗೆಯನ್ನು ಹೈಸ್ಕೂಲು ಟೀಚರ್ ಎಲ್ಲಿಂದ ಕೊಡುವುದು?

ಹೊರಗಿನವರಿಗೆ ಇದು ನಂಬುವ ಮಾತಲ್ಲ. ಕಾರವಾರ ಸಣ್ಣ ಊರು ಅಲ್ವಾ, ಬಾಡಿಗೆ ಎಷ್ಟಿರಬಹುದು ಅನ್ನುತ್ತಾರೆ. ಆದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಮತ್ತೊಂದು ಕಡೆ ಕಾಳಿ ನದಿ. ಊರು ಬೆಳೆಯಲು ಜಾಗವೇ ಕಮ್ಮಿ. ಅರಗಾದಲ್ಲಿ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳ ಕೆಲಸ, ಪೇಟೆಯಲ್ಲೇ ಮೆಡಿಕಲ್ ಕಾಲೇಜು. ಇವಕ್ಕಾಗಿ ಬಂದವರೆಲ್ಲ ಹುಡುಕುವುದು ಕಾಜುಬಾಗ, ಹಬ್ಬುವಾಡ, ಕೋಡಿಬಾಗದಲ್ಲೇ. ಸರ್ಕಾರಿ ನೌಕರರಾದ ನಮ್ಮ ಮನೆ ಬಾಡಿಗೆ ಭತ್ಯೆಯಾದರೂ ಎಷ್ಟು? 2024ರ ಆಗಸ್ಟಿನಿಂದ ಬೆಂಗಳೂರಿನವರಿಗೆ ಮೂಲ ವೇತನದ ಶೇ 20, ನಮ್ಮಂಥ ಸಣ್ಣ ಊರಿನವರಿಗೆ ಶೇ 7.5.

ಮೂರನೇ ಸಲ ಸಾಮಾನು ಕಟ್ಟುವಾಗ ತೀರ್ಮಾನ ಮಾಡಿದೆ. ಇನ್ನು ಕಡಿಮೆ ಬಾಡಿಗೆಯ ಮನೆ ಹುಡುಕುವುದಿಲ್ಲ, ಬಾಡಿಗೆ ಜಿಗಿಯದ ಮನೆ ಹುಡುಕುತ್ತೇನೆ ಅಂತ. ಎರಡೂ ಒಂದೇ ಅಲ್ಲ. ಈಗ ಕಾಜುಬಾಗದಲ್ಲೇ ಒಂದು ಹಂಚಿನ ಮನೆಯಲ್ಲಿದ್ದೇನೆ. 7,000ಕ್ಕೆ ಹಿಡಿದಿದ್ದು, ಎರಡನೇ ವರ್ಷ 7,350, ಮೂರನೇ ವರ್ಷ 7,700. ಇದನ್ನು ಕಾಗದದಲ್ಲಿ ಬರೆದು ನೋಂದಣಿ ಮಾಡಿಸಿದೆ. ಹೇಗೆ ಅಂತ ತುಂಬಾ ಜನ ಸಹೋದ್ಯೋಗಿಗಳು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾನೂನು ಎಲ್ಲಿಯವರೆಗೆ ಕಾಯುತ್ತದೆ

ಮೊದಲು ಒಂದು ಭ್ರಮೆ ಬಿಡಬೇಕು. "ಬಾಡಿಗೆ ನಿಯಂತ್ರಣ ಕಾನೂನು ಇದೆ, ಹಾಗೆಲ್ಲ ಏರಿಸೋಕೆ ಬರೋದಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಧೈರ್ಯ ಹೇಳಿದ್ದರು. ಕಾನೂನು ಇರುವುದು ನಿಜ. 1961ರ ಹಳೆಯ ಕಾಯ್ದೆ ಹೋಗಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂದಿದೆ. 2001ರ ಡಿಸೆಂಬರ್ 31ರಿಂದ ಅದು ಜಾರಿಯಲ್ಲಿದೆ. ಆದರೆ ಅದರ ಎರಡನೇ ಕಲಮಿನಲ್ಲೇ ಒಂದು ಗೆರೆ ಹಾಕಿದ್ದಾರೆ. ಪಟ್ಟಿಯಲ್ಲಿರುವ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ. ಅದಕ್ಕಿಂತ ಜಾಸ್ತಿ ಬಾಡಿಗೆಯ ಮನೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು ಕಾರವಾರದಲ್ಲಿ 2,000ಕ್ಕೆ ಮನೆ ಬಿಡಿ, ಸ್ಕೂಟರ್ ನಿಲ್ಲಿಸುವ ಶೆಡ್ಡು ಸಿಕ್ಕರೆ ಹೆಚ್ಚು.

ಪೇಟೆಯ ಹಳೆ ಕಟ್ಟಡಗಳಲ್ಲಿ ನಾಲ್ಕೈದು ನೂರು ರೂಪಾಯಿ ಬಾಡಿಗೆಗೆ ತಲೆಮಾರಿನಿಂದ ಇರುವವರು ಈಗಲೂ ಇದ್ದಾರೆ. ಅವರಲ್ಲೊಬ್ಬರು ನನಗೆ, "ಒಂದು ಕೋಣೆ ನೀವು ಇಟ್ಕೊಳ್ಳಿ, ನನಗೆ ಐದು ಸಾವಿರ ಕೊಡಿ, ಮಾಲೀಕರಿಗೆ ಹೇಳೋದು ಬೇಡ" ಎಂದರು. ಆಸೆಯಾಗಿದ್ದು ಸುಳ್ಳಲ್ಲ. ಆದರೆ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದ ಒಳಬಾಡಿಗೆ, ಮನೆ ಖಾಲಿ ಮಾಡಿಸಲು ಆ ಕಾಯ್ದೆಯೇ ಕೊಡುವ ಕಾರಣಗಳಲ್ಲಿ ಒಂದು. ಅವರ ಜೊತೆ ನೀವೂ ಬೀದಿಗೆ ಬರುತ್ತೀರಿ. ಇದರ ತಂಟೆಗೇ ಹೋಗಬೇಡಿ.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿದೆ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯಗಳು ಅದನ್ನು ನೋಡಿ ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಆದರೂ ಮುಂಗಡದ ಚೌಕಾಶಿ ಮಾಡುವಾಗ ಈ ಮಾತು ತೆಗೆದರೆ ಎದುರಿನವರು ಸ್ವಲ್ಪ ಯೋಚನೆ ಮಾಡುತ್ತಾರೆ.

ಹಾಗಾದರೆ ನಮಗೆ ಏನು ಉಳಿಯಿತು? ಎರಡು ಸಂಗತಿ ಉಳಿದಿವೆ. ಯಾರೂ ನಿಮ್ಮನ್ನು ಬಲವಂತವಾಗಿ ಹೊರಗೆ ಹಾಕುವ ಹಾಗಿಲ್ಲ. ಬೀಗ ಒಡೆದು ಸಾಮಾನು ಹೊರಗಿಟ್ಟರೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆ ವಾಪಸ್ ಕೇಳಬಹುದು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಆರನೇ ಕಲಮು ಅದನ್ನೇ ಹೇಳುತ್ತದೆ. ಇನ್ನೊಂದು, ನೀವೂ ಮಾಲೀಕರೂ ಕೂತು ಬರೆದುಕೊಂಡ ಕರಾರು. ಬಾಡಿಗೆ ಏರದಂತೆ ತಡೆಯುವ ಗೋಡೆ ಅಂತ ನಮ್ಮಂಥವರಿಗೆ ಇರುವುದು ಈ ಎರಡನೆಯದೇ.

ಸರ್ಕಾರಿ ನೌಕರರಾಗಿದ್ದರೆ ಬಂದ ದಿನವೇ ಕಚೇರಿ ಮುಖ್ಯಸ್ಥರ ಮೂಲಕ ವಸತಿಗೃಹಕ್ಕೆ ಅರ್ಜಿ ಹಾಕಿಬಿಡಿ. ಸಿಕ್ಕರೆ ಭತ್ಯೆ ಹೋಗುತ್ತದೆ, ಬಾಡಿಗೆಯ ತಲೆನೋವೂ ಹೋಗುತ್ತದೆ. ನನ್ನ ಅರ್ಜಿ ಎಲ್ಲೋ ಒಂದು ಫೈಲಿನಲ್ಲಿ ಇನ್ನೂ ಮಲಗಿದೆ.

ಯಾವ ಮನೆ, ಯಾರನ್ನು ಕೇಳಬೇಕು

ಹೊಸ ಫ್ಲಾಟು ಬಿಡಿ. ಅದನ್ನು ಸಾಲ ಮಾಡಿ ಕೊಂಡಿರುತ್ತಾರೆ. ಅವರ ಕಂತು, ಅವರ ಲೆಕ್ಕ. ಬಾಡಿಗೆ ಏರಿಸದೆ ಅವರಿಗೂ ಗತಿಯಿಲ್ಲ.

ನೀವು ಹುಡುಕಬೇಕಾದ್ದು ಬೀಗ ಬಿದ್ದ ಮನೆ. ಕಾರವಾರದ ಎಷ್ಟೋ ಮನೆಗಳ ಮಕ್ಕಳು ಮುಂಬೈ, ಪುಣೆ, ಗೋವಾದಲ್ಲಿದ್ದಾರೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ತುಳಸಿಕಟ್ಟೆ, ಹಿಂದೆ ಬಾವಿ. ಅಪ್ಪ ಅಮ್ಮ ಇರುವವರೆಗೆ ದೀಪ ಉರಿಯುತ್ತಿತ್ತು. ಈಗ ಚೌತಿಗೆ ಮಾತ್ರ ಬಾಗಿಲು ತೆಗೆಯುತ್ತದೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆ ಮಳೆಯಲ್ಲಿ ಮುಚ್ಚಿಟ್ಟ ಮನೆ ಎಷ್ಟು ದಿನ ತಡೆಯುತ್ತದೆ? ಬಾಗಿಲು ಉಬ್ಬುತ್ತದೆ, ಮಾಡಿನ ಪಕಾಸಿಗೆ ಗೆದ್ದಲು ಹತ್ತುತ್ತದೆ, ಗೋಡೆಗೆ ಬೂಷ್ಟು ಬರುತ್ತದೆ. ಇಂಥ ಮಾಲೀಕರಿಗೆ ಎರಡು ಸಾವಿರ ಹೆಚ್ಚು ಬಾಡಿಗೆಗಿಂತ ಮನೆಯೊಳಗೆ ಒಲೆ ಉರಿಯುವುದು ಮುಖ್ಯ. ಅವರ ಭಯ ಒಂದೇ: ಬಂದವರು ಬಿಟ್ಟು ಹೋಗದಿದ್ದರೆ? ಆ ಭಯ ಹೋಗುವ ಹಾಗೆ ಮಾಡಿದರೆ ಬಾಡಿಗೆಯ ಮಾತು ತಾನಾಗಿ ಸಲೀಸಾಗುತ್ತದೆ.

ಇಂಥ ಮನೆಗೆ ಟು ಲೆಟ್ ಬೋರ್ಡು ಇರುವುದಿಲ್ಲ. ಮೊಬೈಲಿನಲ್ಲೂ ಸಿಗುವುದಿಲ್ಲ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕಮಿಷನ್ ಸಿಗಬೇಕು, ಅವನು ಫ್ಲಾಟನ್ನೇ ತೋರಿಸುತ್ತಾನೆ. ಮನೆಮನೆಗೆ ತಿರುಗುವವರನ್ನು ಕೇಳಬೇಕು. ಹಾಲಿನವರು, ಪೇಪರ್ ಹಾಕುವ ಹುಡುಗ, ಸಿಲಿಂಡರ್ ತರುವವರು. ಹೆಸ್ಕಾಂ ಮೀಟರ್ ನೋಡಲು ಬರುವವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಯಾವ ಮನೆಯ ಮೀಟರ್ ತಿರುಗುವುದೇ ಇಲ್ಲ ಅಂತ.

ನನಗೆ ಹೇಳಿದ್ದು ಮೀನು ತರುವ ಅಜ್ಜಿ. ಅದಕ್ಕೂ ಹಿಂದಿನ ವಾರ ಒಬ್ಬ ಮಾಲೀಕರು, "ಮೀನು ಮಾಡ್ತೀರಾ?" ಎಂದು ಕೇಳಿ, ಹೌದು ಎಂದಾಗ ಗೇಟು ಮುಚ್ಚಿದ್ದರು. ಕಡಲ ದಂಡೆಯಲ್ಲಿ ನಿಂತು ಈ ಪ್ರಶ್ನೆ ಕೇಳಿಸಿಕೊಳ್ಳುವುದು ಒಂದು ತಮಾಷೆಯೇ. ಸುಳ್ಳು ಹೇಳಬೇಡಿ ಮಾತ್ರ. ಬಂಗಡೆ ಹುರಿದ ವಾಸನೆಯನ್ನು ಯಾವ ಕರಾರೂ ಮುಚ್ಚಿಡುವುದಿಲ್ಲ. ಈ ಕಥೆಯನ್ನು ಅಜ್ಜಿಗೆ ಹೇಳಿದೆ. ಅವಳು ಬುಟ್ಟಿ ಇಳಿಸಿ ನಕ್ಕಳು. "ಅಕ್ಕೋರೇ, ಆ ಸಂದಿ ಕೊನೆ ಮನೆ ನೋಡಿ. ಬೀಗ ಬಿದ್ದು ಮೂರು ವರ್ಷ ಆಯ್ತು. ಚೌತಿಗೆ ಬರ್ತಾರೆ, ಗಣಪತಿ ನೀರಿಗೆ ಬಿಟ್ಟ ಮರುದಿನ ನನ್ನ ಹತ್ರ ಮೀನು ತಗೊಳ್ತಾರೆ, ಹೋಗ್ತಾರೆ. ಕೀಲಿಕೈ ಆ ಅಂಗಡಿಯೋರ ಹತ್ರ ಉಂಟು." ವಿಳಾಸ, ಮಾಲೀಕರು ಬರುವ ಸಮಯ, ಅಡುಗೆಮನೆಯ ಪದ್ಧತಿ, ಎಲ್ಲ ಒಂದೇ ಉಸಿರಿಗೆ.

ನಾನು ಘಟ್ಟದ ಮೇಲಿನವಳು, ಶಿರಸಿ ಕಡೆಯವಳು. ಕೊಂಕಣಿ ಬರುವುದಿಲ್ಲ. ಆದರೂ ನಾಲ್ಕು ಮಾತು ಕಲಿತುಕೊಂಡೆ. ಕೀಲಿಕೈ ಇಟ್ಟುಕೊಂಡ ಅಂಗಡಿಯವರು ನನ್ನ ಕೊಂಕಣಿ ಕೇಳಿ ನಗುತ್ತಲೇ ಮುಂಬೈ ನಂಬರ್ ಕೊಟ್ಟರು.

ಯಾವಾಗ ಹುಡುಕಬೇಕು ಅಂದರೆ, ಮೇ, ಜೂನ್ ಬಿಟ್ಟು. ಆಗ ವರ್ಗಾವಣೆಯವರು, ಶಾಲೆ ಕಾಲೇಜಿಗೆ ಸೇರುವವರು, ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಜುಲೈ ಒಳ್ಳೆಯದು. ಹುಡುಕುವವರು ಕಡಿಮೆ. ಜೊತೆಗೆ ಮನೆ ಎಲ್ಲಿ ಸೋರುತ್ತದೆ ಅಂತ ಮಳೆಯೇ ತೋರಿಸಿಕೊಡುತ್ತದೆ. ನಾನು ಕೊಡೆ ಹಿಡಿದು, ಟಾರ್ಚ್ ತೆಗೆದುಕೊಂಡು, ಜೋರು ಮಳೆ ಬರುವಾಗಲೇ ಹೋಗಿ ಅರ್ಧ ಗಂಟೆ ಒಳಗೆ ಕೂತಿದ್ದೆ. ಮೂರು ಕಡೆ ಸೋರುತ್ತಿತ್ತು. ಆ ಮೂರು ಕಡೆಯೂ ನಮ್ಮ ಕರಾರಿನಲ್ಲಿ ಇದೆ. ಬಾವಿ ನೀರನ್ನೂ ಒಂದು ಲೋಟ ಕುಡಿದು ನೋಡಿ. ಸಮುದ್ರದ ಹತ್ತಿರದ ಬಾವಿ ಮಳೆಗಾಲದಲ್ಲಿ ಸಿಹಿಯಾಗಿದ್ದರೂ ಏಪ್ರಿಲ್‌ನಲ್ಲಿ ಉಪ್ಪಾಗಬಹುದು. ಪಕ್ಕದ ಮನೆಯವರನ್ನು ಕೇಳಿದರೆ ನಿಜ ಹೇಳುತ್ತಾರೆ.

ನದಿ ಆಚೆ ಸದಾಶಿವಗಡದಲ್ಲಿ ಬಾಡಿಗೆ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ನೋಡಿ ಬಂದಿದ್ದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದ ಮೇಲೆ ನನ್ನ ತಾಯಿ, "ಆ ಕಡೆ ಬೇಡ" ಎಂದುಬಿಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು.

ಕೀಲಿಕೈ ಇದ್ದವರೆಲ್ಲ ಮಾಲೀಕರಲ್ಲ

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಈ ಮನೆಗಿಂತ ಮೊದಲು ಹಬ್ಬುವಾಡದಲ್ಲಿ ಇಂಥದ್ದೇ ಒಂದು ಮನೆ ಹಿಡಿದಿದ್ದೆ. ಮಾಲೀಕರ ಚಿಕ್ಕಪ್ಪನ ಮಗ ಕೀಲಿಕೈ ಕೊಟ್ಟರು, ಮೂವತ್ತು ಸಾವಿರ ಮುಂಗಡ ತೆಗೆದುಕೊಂಡರು, ಬಾಯಿಮಾತಲ್ಲೇ ಎಲ್ಲ ಮುಗಿಯಿತು. ನಾಲ್ಕನೇ ತಿಂಗಳು ಬೆಳಗಿನ ಹೊತ್ತು ಪುಣೆಯಿಂದ ಒಬ್ಬರು ಬಂದು, "ನನ್ನ ಮನೆಯಲ್ಲಿ ನೀವು ಯಾರು?" ಎಂದು ಕೇಳಿದರು. ಆ ಮನೆಗೆ ನಾಲ್ಕು ಜನ ಅಣ್ಣತಮ್ಮಂದಿರು. ಮೂವರಿಗೆ ವಿಷಯವೇ ಗೊತ್ತಿಲ್ಲ. ಬಾಡಿಗೆ ತೆಗೆದುಕೊಂಡವರು ಆ ನಾಲ್ವರಲ್ಲಿ ಒಬ್ಬರೂ ಅಲ್ಲ. ನನ್ನ ಮೂವತ್ತು ಸಾವಿರ ವಾಪಸ್ ಬರಲು ಒಂಬತ್ತು ತಿಂಗಳು ಹಿಡಿಯಿತು. ಅದೂ ಕಂತಿನಲ್ಲಿ.

ಹಾಗಾಗಿ ಈಗ ಮೊದಲು ಕೇಳುವುದು ನಗರಸಭೆಯ ಮನೆ ತೆರಿಗೆ ರಸೀದಿ. ಅದರಲ್ಲಿ ಯಾರ ಹೆಸರಿದೆ ನೋಡಿ. ತೀರಿಕೊಂಡ ತಂದೆಯ ಹೆಸರೇ ಇದ್ದರೆ, ಹೆಚ್ಚಿನ ಕಡೆ ಹಾಗೇ ಇರುತ್ತದೆ, ವಾರಸುದಾರರು ಎಷ್ಟು ಜನ ಅಂತ ಕೇಳಿ. ಎಲ್ಲರೂ ಸಹಿ ಹಾಕಬೇಕು, ಇಲ್ಲವೇ ಒಬ್ಬರಿಗೆ ಉಳಿದವರು ಅಧಿಕಾರ ಪತ್ರ ಬರೆದುಕೊಟ್ಟಿರಬೇಕು. ಈಗಿನ ಮನೆಗೆ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಅಕ್ಕ. ಮೂವರ ಜೊತೆಗೂ ವಿಡಿಯೋ ಕಾಲ್ ಮಾಡಿ ಮಾತನಾಡಿದೆ. ಅಕ್ಕನೇ ಕೊನೆಗೆ ನನ್ನ ಪರವಾಗಿ ನಿಂತವರು. ಮಗ ಯಾವ ಕ್ಲಾಸು, ತಾಯಿಗೆ ಮೆಟ್ಟಿಲು ಹತ್ತಲು ಆಗುತ್ತದೆಯೇ, ತುಳಸಿಗೆ ನೀರು ಹಾಕುತ್ತೀರಾ, ಎಲ್ಲ ಕೇಳಿದರು. ಬಾಡಿಗೆ ಮಾತ್ರ ಕೇಳಲಿಲ್ಲ.

ಕರಾರು: ನಿಜವಾದ ಕೆಲಸ ಇಲ್ಲಿದೆ

ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡುತ್ತಾರೆ. ಯಾಕೆ ಗೊತ್ತೇ? 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಬಾಡಿಗೆಗಳನ್ನೆಲ್ಲ ನೋಂದಣಿ ಮಾಡಿಸಲೇಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು. ಆದರೆ ಹನ್ನೊಂದು ತಿಂಗಳ ಕರಾರು ನಿಮ್ಮನ್ನು ಕಾಯುವುದೂ ಹನ್ನೊಂದೇ ತಿಂಗಳು. ಹನ್ನೆರಡನೇ ತಿಂಗಳು ಮೆಟ್ಟಿಲ ಹತ್ತಿರ ಮಾಲೀಕರು ನಿಂತಿರುತ್ತಾರೆ.

ನಾನು ಮೂರು ವರ್ಷಕ್ಕೆ ಕೇಳಿದೆ. ಅವರು ಹಿಂಜರಿದರು. ಸಹಜ. ಆಗ ಮೂರು ಮಾತು ಮುಂದಿಟ್ಟೆ. ಮುಂದಿನ ಕೋಣೆಗೆ, ಅಂದರೆ ಗಣಪತಿ ಕೂರಿಸುವ ಕೋಣೆಗೆ, ನಿಮ್ಮದೇ ಬೀಗ ಇರಲಿ. ಚೌತಿಗೆ ನೀವು ಬಂದಾಗ ನಾವು ಐದು ದಿನ ಊರಿಗೆ ಹೋಗುತ್ತೇವೆ, ಇಡೀ ಮನೆ ನಿಮ್ಮದು. ಪ್ರತಿ ಮೇ ತಿಂಗಳು ಒಡೆದ ಹಂಚು ಬದಲಿಸಿ, ಅಂಗಳದ ಎಲೆ ತೆಗೆಸಿ, ಫೋಟೋ ಕಳಿಸುತ್ತೇನೆ. ಕೂಲಿ ನನ್ನದು, ಹಂಚಿನ ದುಡ್ಡು ನಿಮ್ಮದು. ಇದಕ್ಕೆ ಬದಲಾಗಿ ಬಾಡಿಗೆ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಏರಬಾರದು. ಲೆಕ್ಕದಲ್ಲಿ ಮೂರನೇ ವರ್ಷ 7,717 ರೂಪಾಯಿ ಐವತ್ತು ಪೈಸೆ ಆಗುತ್ತದೆ. ಅಕ್ಕ, "ಏಳು ಸಾವಿರದ ಏಳುನೂರು ಸಾಕು" ಎಂದರು.

ಕರಾರಿನಲ್ಲಿ "ಶೇ 5 ಹೆಚ್ಚಳ" ಎಂದು ಮಾತ್ರ ಬರೆಸಬೇಡಿ. ಯಾವ ತಿಂಗಳಿನಿಂದ ಎಷ್ಟು ರೂಪಾಯಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಮುಂಗಡ ಎಷ್ಟು, ಬಿಟ್ಟ ಮೇಲೆ ಎಷ್ಟು ದಿನದಲ್ಲಿ ವಾಪಸ್, ಬಣ್ಣಕ್ಕೆ ಹಿಡಿಯುವುದು ಎಷ್ಟು, ಅದೂ ಇರಲಿ. ಇಲ್ಲದಿದ್ದರೆ ಕೊನೆಗೆ ಇಡೀ ಮುಂಗಡ ಬಣ್ಣವಾಗಿ ಗೋಡೆಗೆ ಹೋಗುತ್ತದೆ. ನೋಟಿಸಿನ ಅವಧಿ ಬರೆಸುವುದನ್ನು ಮರೆಯಬೇಡಿ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆದಾರರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಇರುವುದು ಬರೀ ಹದಿನೈದು ದಿನ. ಶಾಲೆಗೆ ಹೋಗುವ ಮಗು, ವಯಸ್ಸಾದ ತಾಯಿ ಇದ್ದವರು ಹದಿನೈದು ದಿನದಲ್ಲಿ ಎಲ್ಲಿಗೆ ಹೋಗುವುದು? ನಾವು ಎರಡೂ ಕಡೆಗೆ ಮೂರು ತಿಂಗಳು ಎಂದು ಬರೆದಿದ್ದೇವೆ. ವರ್ಗಾವಣೆಯಾದರೆ ನನಗೆ ಒಂದು ತಿಂಗಳು.

ಬೀಗ ಬಿದ್ದ ಮನೆಗೆ ಇನ್ನೊಂದು ಗಂಡಾಂತರ ಇದೆ. ಬಿಲ್ಡರ್. ಕಾಜುಬಾಗದಲ್ಲಿ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಲು ಕಾಯುವವರು ಇದ್ದಾರೆ. ಮನೆ ಮಾರಿದರೂ ಕೊಂಡವರು ಹಳೆ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ, ನಿಮ್ಮ ಕರಾರಿನ ಅವಧಿ ಮುಗಿಯುವವರೆಗೆ ಅದು ಅವರಿಗೂ ಅನ್ವಯಿಸುತ್ತದೆ. ಆದರೆ ಕರಾರು ನೋಂದಣಿಯಾಗಿರಬೇಕು. ಮೂರು ವರ್ಷ ಎಂದು ಛಾಪಾ ಕಾಗದದಲ್ಲಿ ಬರೆದು ನೋಂದಣಿ ಮಾಡಿಸದೆ ಇಟ್ಟರೆ, ಅದರ ಶರತ್ತುಗಳನ್ನು ಕೋರ್ಟಿನಲ್ಲಿ ತೋರಿಸಿ ಗೆಲ್ಲುವುದು ಕಷ್ಟ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಉಪ ನೋಂದಣಿ ಕಚೇರಿಗೆ ಹೋದೆವು. ಅಣ್ಣತಮ್ಮಂದಿರು ಚೌತಿಗೆ ಬಂದಾಗಲೇ ಆ ಕೆಲಸ ಮುಗಿಸಿದ್ದು. ಬೇರೆ ಸಮಯದಲ್ಲಿ ಮೂವರನ್ನೂ ಒಟ್ಟಿಗೆ ಹಿಡಿಯುವುದು ಆಗದ ಮಾತು. ಶುಲ್ಕವನ್ನು ಅರ್ಧ ಅರ್ಧ ಹಂಚಿಕೊಂಡೆವು.

ಬಾಡಿಗೆಯನ್ನು ಬ್ಯಾಂಕಿಗೇ ಹಾಕಿ. ಕೈಯಲ್ಲಿ ಕೊಟ್ಟ ದುಡ್ಡಿಗೆ ನೆನಪೇ ಸಾಕ್ಷಿ, ನೆನಪು ಇಬ್ಬರಿಗೂ ಬೇರೆ ಬೇರೆ.

ಕರೆಂಟಿನ ವಿಷಯ ಒಂದು ಹೇಳಿಬಿಡುತ್ತೇನೆ. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ. ಆದರೆ 200 ಯೂನಿಟ್ ಎಲ್ಲರಿಗೂ ಉಚಿತ ಅಂತ ತಿಳಿಯಬೇಡಿ. ಉಚಿತದ ಲೆಕ್ಕ ಆ ಮೀಟರಿನ 2022-23ರ ಸರಾಸರಿಯ ಮೇಲೆ ನಿಂತಿದೆ. ಬೀಗ ಹಾಕಿದ್ದ ಮನೆಯ ಸರಾಸರಿ ಎಷ್ಟಿರುತ್ತದೆ? ನಮಗೆ ಪ್ರತಿ ತಿಂಗಳು ಬಿಲ್ ಬರುತ್ತದೆ. ಬಾಡಿಗೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ. ಹಿಂದಿದ್ದವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಬಿಡಿಸಲು ಹೇಳಿ.

ಕೀಲಿಕೈ ಕೈಗೆ ಬಂದ ದಿನ ಸಾಮಾನು ಇಳಿಸುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಬಿರುಕು, ಗೆದ್ದಲು, ಒಡೆದ ಗಾಜು, ಮೀಟರಿನ ಅಂಕಿ. ಅದೇ ದಿನ ಮಾಲೀಕರಿಗೆ ವಾಟ್ಸಾಪ್ ಮಾಡಿ. ನಾನು ಐವತ್ತೆರಡು ಫೋಟೋ ಕಳಿಸಿದ್ದೆ. ತಮ್ಮ ಸಿಟ್ಟಾದರು, ಅಣ್ಣ ಸುಮ್ನಿದ್ದರು, ಅಕ್ಕ ಮಾತ್ರ ಬಚ್ಚಲಿನ ಫೋಟೋ ನೋಡಿ, "ಅಯ್ಯೋ, ಹಂಡೆ ಇನ್ನೂ ಅಲ್ಲೇ ಉಂಟಾ?" ಎಂದು ಕೇಳಿದರು.

ನಮ್ಮ ಮೂರು ವರ್ಷ ಮುಂದಿನ ಚೌತಿಗೆ ಮುಗಿಯುತ್ತದೆ. ಮಾತು ಈಗಿನಿಂದಲೇ ಶುರು ಮಾಡಿದ್ದೇನೆ, ಏಕೆಂದರೆ ತಮ್ಮನಿಗೆ ನಿವೃತ್ತಿ ಹತ್ತಿರ ಬಂದಿದೆ, ಊರಿಗೇ ಬರುವ ಯೋಚನೆ ಇದೆಯಂತೆ. ಬಂದರೆ ಬಿಡಬೇಕು, ಅದು ಅವರ ಮನೆ. ಸುಂಕೇರಿಯಲ್ಲಿ ಇನ್ನೊಂದು ಮನೆಗೆ ಬೀಗ ಬಿದ್ದಿದೆ ಅಂತ ಮೀನಿನ ಅಜ್ಜಿ ಹೋದ ವಾರ ಹೇಳಿದ್ದಾಳೆ. ಈ ರವಿವಾರ ಸಂತೆ ಮುಗಿಸಿ ಆ ಕಡೆ ಒಂದು ಸುತ್ತು ಹೋಗಿ ಬರಬೇಕು.